ಹತ್ತು ಸೂಜಿ ಮತ್ತು ಒಂದು ಡಬ್ಬಿ

ಸೂಜಿಯ ಕಣ್ಣಿಗೆ ದಾರ ತೂರುತ್ತಲೇ ಇರಲಿಲ್ಲ. ಟೈಲರಕ್ಕ ಐದು ಸಲ ದಾರದ ತುದಿಗೆ ಎಂಜಲು ಹಚ್ಚಿದಳು. ಇಪ್ಪತ್ತು ವರ್ಷ ಕಣ್ಣುಮುಚ್ಚಿ ಗುಂಡಿ ಹೊಲಿದ ಕೈ ಈಗ ಗಡಗಡ ನಡುಗುತ್ತಿತ್ತು.

“ಕನ್ನಡಕ ಬೇಕೇನೋ,” ಎಂದಳು.

“ಕನ್ನಡಕ ಹಾಕಿದ್ರೆ ಕೈ ನಡುಗೋದು ನಿಲ್ಲುತ್ತೇನೇ?” ಎಂದ, ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಗಂಡ.

“ನಿಮ್ಮ ಇಸ್ತ್ರಿ ನೋಡ್ಕೊಳ್ರಿ, ಅಂಗಿ ಸುಟ್ಟೀತು!”

ಮರುದಿನ ಅವಳು ಅಂಗಡಿಗೆ ಬಂದಾಗ ಸೂಜಿ ಚುಚ್ಚುವ ಪುಟ್ಟ ದಿಂಬಿನಲ್ಲಿ ಹತ್ತು ಸೂಜಿಗಳು ದಾರ ಪೋಣಿಸಿಕೊಂಡು ಸಾಲಾಗಿ ನಿಂತಿದ್ದವು. ಅವಳು ಒಂದನ್ನು ಕಿತ್ತು ಹೊಲಿಯಲು ಕೂತಳು, ಆದರೂ ಹೊಲಿಗೆ ಸೊಟ್ಟಗಾಯಿತು. ಎದೆಯಂತೂ ಓಡಿ ಬಂದವರಂತೆ ಡವಡವ ಎನ್ನುತ್ತಲೇ ಇತ್ತು. ಈ ಕೈ ಹೋದರೆ ಅವಳಿಗೆ ಉಳಿಯುವುದೇನು?

ಅಂದೇ ಇಬ್ಬರೂ ಕ್ಲಿನಿಕ್ಕಿಗೆ ಹೋದರು. ರಕ್ತಪರೀಕ್ಷೆಯ ವರದಿ ಬಂತು. ಟಿಎಸ್‌ಎಚ್ ತೀರಾ ಕಡಿಮೆ. ಥೈರಾಯ್ಡ್ ಗ್ರಂಥಿ ತಾನೇ ತಯಾರಿಸುವ ಹಾರ್ಮೋನೂ ಕಡಿಮೆ. “ಎದೆ ಹೀಗೆ ಓಡುವಾಗ ಹಾರ್ಮೋನು ಹೆಚ್ಚಿರಬೇಕಿತ್ತಲ್ಲ,” ಎಂದು ಡಾಕ್ಟರು ಹುಬ್ಬೇರಿಸಿದರು.

“ಅಕ್ಕಾ, ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?” ಎಂದಳು ನರ್ಸು. ಅವಳ ಬಟ್ಟೆಯೆಲ್ಲ ಟೈಲರಕ್ಕನೇ ಹೊಲಿದದ್ದು.

“ಇಲ್ವಲ್ಲ, ಸಿಸ್ಟರ್.”

“ಕಾಯಿಲೆಗಲ್ಲ. ಬೇರೆ ಯಾತಕ್ಕಾದ್ರೂ?”

ಟೈಲರಕ್ಕ ಚೀಲದಿಂದ ಮೆಲ್ಲಗೆ ಒಂದು ಡಬ್ಬಿ ತೆಗೆದಳು. “ಇದು ಸಣ್ಣ ಆಗೋಕೆ... ಗಿರಾಕಿಯೊಬ್ಬಳು ಕೊಟ್ಟಳು. ಊರೋರ ಸೊಂಟ ಅಳೆದೂ ಅಳೆದೂ, ಒಂದಿನ ನನ್ನದೂ ಅಳೆದುಬಿಟ್ಟೆ.”

“ನಾನು ಯಾವತ್ತಾದ್ರೂ ಸಣ್ಣ ಆಗು ಅಂದಿದ್ನೇನೇ?” ಎಂದ ಗಂಡ. ಅವಳು ಡಬ್ಬಿಯನ್ನು ಡಾಕ್ಟರ ಮುಂದೆ ಸರಿಸಿದಳು.

ಡಾಕ್ಟರು ಡಬ್ಬಿಯ ಸಣ್ಣಕ್ಷರ ಓದಿ ತಲೆಯಾಡಿಸಿದರು. ಅರ್ಥವಾಗುವಂತೆ ಹೇಳಿದವಳು ನರ್ಸು.

“ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ಗ್ರಂಥಿ ಇದೆ, ಪಿಟ್ಯುಟರಿ ಅಂತ. ಅದು ಮೇಸ್ತ್ರಿ. ಕೊರಳಲ್ಲಿರೋ ಥೈರಾಯ್ಡ್ ಹೊಲಿಯೋಳು. ಅವಳು ಹೊಲಿಯೋ ಅಂಗಿನೇ ಹಾರ್ಮೋನು. ಕಪಾಟು ಖಾಲಿ ಆದ್ರೆ ಮೇಸ್ತ್ರಿ ‘ಹೊಲಿ, ಹೊಲಿ’ ಅಂತ ಕೂಗ್ತಾನೆ. ಆ ಕೂಗೇ ಟಿಎಸ್‌ಎಚ್.”

“ನಮ್ಮಂಗಡೀಲಿ ಕೂಗೋದೂ ನಾನೇ, ಹೊಲಿಯೋದೂ ನಾನೇ!”

“ಕೇಳಿ ಅಕ್ಕಾ. ಥೈರಾಯ್ಡ್ ಹಾರ್ಮೋನು ಮೈಯಲ್ಲಿ ಬಳಕೆಯಾಗ್ತಾ ಚೂರುಚೂರಾಗಿ ಬದಲಾಗುತ್ತೆ. ಅಂಥದೇ ಒಂದು ಚೂರು ಈ ಡಬ್ಬೀಲಿದೆ. ಚೂರು ಬಟ್ಟೆ ಅಂತ ಸಸಾರ ಮಾಡಬೇಡಿ. ಮೇಸ್ತ್ರಿ ಕಣ್ಣಿಗೆ ಅದೂ ಹೊಲಿದ ಅಂಗಿನೇ. ಕಪಾಟು ತುಂಬಿದೆ ಅಂದ್ಕೊಂಡು ಕೂಗೋದು ನಿಲ್ಲಿಸಿದ. ಹೊಲಿಯೋಳು ಕೈಕಟ್ಟಿ ಕೂತಳು. ನಿಮ್ಮ ಎದೆ ಓಡಿಸ್ತಿರೋದು, ಕೈ ನಡುಗಿಸ್ತಿರೋದು ಈ ಚೂರು.”

“ಹಾಗಾದ್ರೆ ನನ್ನ ಗ್ರಂಥಿ ಕೆಟ್ಟಿಲ್ವಾ?”

“ಕೆಟ್ಟ ಹಾಗೆ ಕಾಣಲ್ಲ, ಸುಮ್ಮನೆ ಕೂತಿದೆ ಅಷ್ಟೆ. ಡಬ್ಬಿ ಮುಚ್ಚಿಟ್ಟಿದ್ರೆ ಇಲ್ಲದ ಕಾಯಿಲೆಗೆ ಮದ್ದು ಮಾಡ್ತಿದ್ವೋ ಏನೋ.”

ಡಾಕ್ಟರು ಆ ಮಾತ್ರೆ ನಿಲ್ಲಿಸಿದರು. ಆರು ವಾರದ ನಂತರ ಮತ್ತೆ ಪರೀಕ್ಷೆ ಮಾಡಿದಾಗ ಮೇಸ್ತ್ರಿಯ ಕೂಗು ಮರಳಿತ್ತು.

ಮರುದಿನ ಬೆಳಿಗ್ಗೆ ಗಂಡ ಕಣ್ಣು ಕಿರಿದು ಮಾಡಿಕೊಂಡು ದಾರ ಪೋಣಿಸುತ್ತಿದ್ದ. “ಕೊಡಿ ಇಲ್ಲಿ,” ಎಂದು ಅವಳು ಸೂಜಿ ಕಸಿದುಕೊಂಡಳು. ಒಂದೇ ಸಲಕ್ಕೆ ದಾರ ಒಳಹೊಕ್ಕಿತು.

“ನನ್ನ ಕೆಲಸ ಹೋಯ್ತಲ್ಲೇ!”

“ಒಂಬತ್ತು ನಾನು ಪೋಣಿಸ್ತೀನಿ. ದಿನಾ ಒಂದು ಮಾತ್ರ ನೀವೇ ಪೋಣಿಸಿಡಿ.”

ನಿಮ್ಮ ಚೀಲದಲ್ಲೂ ಅಂಥದೊಂದು ಡಬ್ಬಿ ಇದೆಯೇ? ಯಾರೋ ಕೊಟ್ಟರೆಂದು ನುಂಗಬೇಡಿ. ನಾಚಿಕೆಪಡದೆ ಇವತ್ತೇ ಡಾಕ್ಟರಿಗೆ ತೋರಿಸಿ. ಡಾಕ್ಟರೇ ಬರೆದುಕೊಟ್ಟ ಥೈರಾಯ್ಡ್ ಮಾತ್ರೆಯನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ. ನಿಮಗಾಗಿ ಸೂಜಿಗೆ ದಾರ ಪೋಣಿಸುವ ಜೀವವೊಂದು ಮನೆಯಲ್ಲಿದ್ದರೆ, ಆ ಡಬ್ಬಿಯನ್ನು ಮೊದಲು ಆ ಜೀವದ ಕೈಗೆ ಕೊಡಿ, ಜೊತೆಯಾಗಿ ಡಾಕ್ಟರ ಬಳಿ ಹೋಗಿ.