ಮೂರು ಬಕೆಟ್ ನೀರು

ಶರಣಮ್ಮ ಡ್ರಮ್ಮಿನೊಳಗೆ ಕೈ ಇಳಿಬಿಟ್ಟಳು. ಬೆರಳು ತಳಕ್ಕೆ ತಾಗಿತು; ನೀರು ಅವಳ ಬಳೆಗಳನ್ನಷ್ಟೇ ತೋಯಿಸಿತು. ನಿನ್ನೆ ಗುರುವಾರ, ಪುಣೆಯ ರಾಸ್ತಾ ಪೇಠೆಗೆ ನಲ್ಲಿ ಬಂದ್. ಇವತ್ತು ಬೆಳಿಗ್ಗೆ ನೀರು ಬಂದು ಹೋಗುವ ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿ ಮನೆಯೊಡತಿ ಸಿಪೋರಾಬಾಯಿಯ ತಣ್ಣಗಾದ ಪಾದ ಹಿಡಿದು ಕೂತಿದ್ದಳು. ಹಿಡಿದಿಡಲು ಮನೆಯಲ್ಲಿ ಯಾರೂ ಇರಲಿಲ್ಲ. ಕಣ್ಣಳತೆಯಲ್ಲೇ ನೋಡಿದಳು: ಮೈ ತೊಳೆಯಲು ಒಂದು ಬಕೆಟ್, ಆಮೇಲೆ ಸುರಿಯಲು ಮೂರು. ಐದನೆಯದಕ್ಕೆ ನೀರಿಲ್ಲ.

ನಡುಮನೆಯಲ್ಲಿ ಏಝ್ರಾ ಪೆಣಕರ್ ಗಡಿಯಾರ ನೋಡುತ್ತ ನಿಂತಿದ್ದರು. ಯೆಹೂದ್ಯರ ಮಂದಿರ ಸಿನಗಾಗಿಗೆ ಅವರೇ ಟ್ರಸ್ಟಿ. ಎರಡೂಮುಕ್ಕಾಲು. ಶುಕ್ರವಾರ. ಸೂರ್ಯ ಮುಳುಗಿದರೆ ಸಬ್ಬತ್ತು, ಮತ್ತೆ ಭಾನುವಾರದ ತನಕ ಮಣ್ಣು ಮಾಡುವಂತಿಲ್ಲ.

"ನಾಲ್ಕಕ್ಕೆ ಗಾಡಿ ಬಿಡಲೇಬೇಕು," ಎಂದರು ಮರಾಠಿಯಲ್ಲಿ. "ಆಸ್ಪತ್ರೆಯವರು ಮೈ ಒರೆಸಿದ್ದಾರೆ. ಬಿಳಿ ಬಟ್ಟೆ ಸುತ್ತಿ ಒಯ್ಯೋಣ. ತಹಾರಾ ಮಾಡಿಸೋಕೆ ಯಾರಿದ್ದಾರೆ ಈಗ? ಮಾಡಿಸುವವಳೇ ಹೋಗಿಬಿಟ್ಟಳು."

ತಹಾರಾ ಅಂದರೆ ಶವಕ್ಕೆ ಕೊನೆಯ ಸ್ನಾನ. ಹೆಣ್ಣಿಗೆ ಹೆಣ್ಣೇ ಮಾಡಿಸಬೇಕು. ಮೂವತ್ತು ವರ್ಷ ಪುಣೆಯ ಯೆಹೂದಿ ಹೆಂಗಸರಿಗೆಲ್ಲ ಅದನ್ನು ಮಾಡಿಸಿದವಳು ಸಿಪೋರಾಬಾಯಿ. ಜತೆಗಿದ್ದವರಲ್ಲಿ ಒಬ್ಬಳು ಹೋದ ವರ್ಷ ತೀರಿಕೊಂಡಳು, ಒಬ್ಬಳು ಮಗನ ಬಳಿ ಇಸ್ರೇಲಿಗೆ ಹೋದಳು. ಉಳಿದವಳು ಹನ್ನಾಬಾಯಿ. ಎಂಬತ್ತರ ಅವಳು ಮೂಲೆಯ ಕುರ್ಚಿಯಲ್ಲಿ ಪ್ರಾರ್ಥನೆಯ ಪುಸ್ತಕ ಹಿಡಿದು ಕೂತಿದ್ದಳು, ಪುಸ್ತಕವೂ ಅವಳ ಜತೆ ನಡುಗುತ್ತಿತ್ತು.

"ನಾನು ಓದ್ತಿದ್ದೆ," ಎಂದಳು ಹನ್ನಾಬಾಯಿ. "ಓದ್ತೀನಿ. ಯಾವುದಾದ ಮೇಲೆ ಯಾವುದು ಅಂತ ಸಿಪೋರಾ ಹೇಳ್ತಿದ್ದಳು."

ಬಾಗಿಲಲ್ಲಿ ಸ್ನೇಹಲ್ ನಿಂತಿದ್ದಳು. ಹಿಂಜವಾಡಿಯ ಆಫೀಸಿನಿಂದ ನೇರ ಬಂದವಳ ಕೊರಳಲ್ಲಿ ಕಂಪನಿಯ ಕಾರ್ಡು ಇನ್ನೂ ನೇತಾಡುತ್ತಿತ್ತು. ಸಿಪೋರಾಬಾಯಿಯ ತಮ್ಮನ ಮೊಮ್ಮಗಳು, ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಈಗ ಈ ಮನೆಯಲ್ಲಿ ಶರಣಮ್ಮನೊಂದಿಗೆ ಕನ್ನಡ ಆಡುವವಳು ಅವಳೊಬ್ಬಳೇ. ತಿಂಗಳ ಕೊನೆಯ ಭಾನುವಾರ ಸಮಾಜದ ಹುಡುಗ ಹುಡುಗಿಯರನ್ನು ಸೇರಿಸಿ ಹಬ್ಬ, ಹಾಡು, ಅಡುಗೆ ಮಾಡಿಸುವವಳೂ ಅವಳೇ. ಆ ಗುಂಪಿನ ಇಬ್ಬರು, ಲಿಯೋರಾ ಮತ್ತು ನವೋಮಿ, ಅವಳ ಹಿಂದೆ ಅಂಟಿಕೊಂಡು ನಿಂತಿದ್ದರು.

"ಶರಣಮ್ಮಕ್ಕ, ನಿಮಗ ಗೊತ್ತದ ಅಲ್ರಿ?" ಎಂದಳು ಸ್ನೇಹಲ್.

"ಗೊತ್ತದ. ಹೊರಗ ನಿಂತು ಗೊತ್ತದ."

"ಏನು ಹೇಳ್ತಿದಾಳೆ?" ಎಂದರು ಏಝ್ರಾ. ಸ್ನೇಹಲ್ ಮರಾಠಿಯಲ್ಲಿ ಹೇಳಿದಳು. ಅವರು ತಲೆ ಅಲ್ಲಾಡಿಸಿದರು. "ಕೆಲಸದವಳು ಹೇಳಿಕೊಟ್ಟು ನಾವು ತಹಾರಾ ಮಾಡೋದೆ? ಜನ ಏನಂತಾರೆ?"

ಶರಣಮ್ಮ ಬಕೆಟ್ಟನ್ನು ಅವರ ಕಾಲ ಬಳಿಯೇ ಕೆಳಗಿಟ್ಟಳು. "ಜನಾ ಬರ್ಲಿ ಸಾಹೇಬ, ಬಂದು ಅವರ ಮಾಡ್ಲಿ," ಎಂದಳು ತನ್ನ ಹರಕುಮುರುಕು ಮರಾಠಿಯಲ್ಲಿ. "ನಾ ಬ್ಯಾಡ ಅನ್ನೂದಿಲ್ಲ."

ಏಝ್ರಾ ಸ್ನೇಹಲಳನ್ನು ನೋಡಿದರು. ಸ್ನೇಹಲ್ ಕೊರಳಿನ ಕಾರ್ಡು ತೆಗೆದು ಟೇಬಲ್ಲಿನ ಮೇಲಿಟ್ಟಳು.

"ಮೂರೂಮುಕ್ಕಾಲು," ಎಂದರು ಅವರು. "ಅದರ ಮೇಲೆ ಒಂದು ನಿಮಿಷವೂ ಇಲ್ಲ."

*

ಶಹಾಪುರದ ಕಡೆಯಿಂದ ಗಂಡನ ಜತೆ ಪುಣೆಯ ಧನಕವಡಿಗೆ ಮನೆ ಕಟ್ಟುವ ಕೆಲಸಕ್ಕೆ ಬಂದವಳು ಶರಣಮ್ಮ. ಗಂಡ ಇನ್ನೊಬ್ಬಳ ಹಿಂದೆ ಸೋಲಾಪುರಕ್ಕೆ ಹೋದ ವರ್ಷ ಯಾರೋ ಈ ಮನೆ ತೋರಿಸಿದರು. ಮೊದಲ ದಿನ ಸಿಪೋರಾಬಾಯಿ ಬಾಗಿಲು ತೆಗೆದು, "ಯಾವೂರವ್ವ?" ಎಂದು ಕೇಳಿದಾಗ ಅವಳಿಗೆ ಅಳು ಬಂದಿತ್ತು. ಸಿಪೋರಾಬಾಯಿಯ ಅಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡು. ಕನ್ನಡ ಮಾತಾಡದೆ ನಾಲಿಗೆ ಜಂಗು ಹಿಡಿದಿತ್ತು ಎಂದಿದ್ದಳು ಬಾಯಿ.

ಸಾವಿನ ಮನೆಗೆ ಕರೆ ಬಂದರೆ ಇಬ್ಬರೂ ರಿಕ್ಷಾ ಹತ್ತುತ್ತಿದ್ದರು. ಶರಣಮ್ಮ ನೀರು ಬೆಚ್ಚಗೆ ಮಾಡಿ ಬಾಗಿಲ ತನಕ ತಂದು ಇಡುವಳು. ಒಳಗೆ ಹೋಗುವಂತಿಲ್ಲ.

"ನಾನೂ ಕೈ ಹಚ್ಚಲೇನ್ರಿ?" ಎಂದು ಒಮ್ಮೆ ಕೇಳಿದ್ದಳು.

"ನೀ ನೀರು ಕೊಡು. ಇದು ನಮ್ಮ ಮಂದಿ ಕೈಲೆ ಆಗಬೇಕು," ಎಂದಿದ್ದಳು ಬಾಯಿ. "ಸತ್ತವರು ನಮಗೇನು ತಿರುಗಿ ಮಾಡೂದಿಲ್ಲ ನೋಡು. ಹಂಗಾಗಿ ಇದೊಂದ ಖರೇ ಉಪಕಾರ. ನಮ್ಮ ಹುಡುಗ್ಯಾರು ಇದನ್ನ ಕಲೀಲಿಲ್ಲಂದ್ರ ಬಾಕಿದ್ದು ಏನು ಕಲ್ತರೂ ಅಷ್ಟ."

ಬಾಗಿಲ ಸಂದಿಯಿಂದ ಶರಣಮ್ಮ ನೋಡಿದಳು. ಇಪ್ಪತ್ತೆರಡು ವರ್ಷ.

*

ಬಚ್ಚಲುಮನೆಯಲ್ಲಿ ಎರಡು ಸ್ಟೂಲುಗಳ ಮೇಲೆ ಹಲಗೆ ಇಟ್ಟು ಸಿಪೋರಾಬಾಯಿಯನ್ನು ಮಲಗಿಸಿದ್ದರು, ಮೇಲೆ ಬಿಳಿ ಹಾಸು. ದಿನಾ ಬೆಳಿಗ್ಗೆ ಕಸಬರಿಗೆಯಿಂದ ತಿಕ್ಕಿ ತೊಳೆಯುವ ಬಚ್ಚಲು. ಇವತ್ತು ಶರಣಮ್ಮ ಅದರ ಹೊಸ್ತಿಲ ಹೊರಗೆ ನಿಂತಳು.

"ಮೊದಲ ಕ್ಷಮಾ ಕೇಳಬೇಕು," ಎಂದಳು. "ಹೆಸರು ಹೇಳಿ, ಅವರಪ್ಪನ ಹೆಸರು ಹೇಳಿ. ಕೈ ಹಚ್ಚೂದಕ್ಕಿಂತ ಮೊದಲ."

ಹನ್ನಾಬಾಯಿ ಬಚ್ಚಲೊಳಗೆ ಹಾಕಿಕೊಟ್ಟ ಕುರ್ಚಿಯಲ್ಲಿ ಕೂತೇ ಹೀಬ್ರೂವಿನಲ್ಲಿ ಓದಿದಳು: ಸಿಪೋರಾ, ಶೆಲೋಮೋನ ಮಗಳು. ಹುಡುಗಿಯರು ಹಿಂದೆಯೇ ಹೇಳಿದರು. ಓದುವುದು ಮುಗಿದರೂ ಸ್ನೇಹಲ್ ಬಗ್ಗಿಕೊಂಡೇ ಇದ್ದಳು. "ಅಜ್ಜಿ, ತಪ್ಪಾತು," ಎಂದಳು, ಕನ್ನಡದಲ್ಲಿ, ಶರಣಮ್ಮನಿಗಷ್ಟೇ ತಿಳಿಯುವಂತೆ.

ಶರಣಮ್ಮ ಅವಳತ್ತ ನೋಡಲಿಲ್ಲ. "ತಲಿಯಿಂದ ಚಾಲೂ ಮಾಡ್ರಿ. ಎಷ್ಟು ತೊಳೀತೀರಿ ಅಷ್ಟ ಹಾಸು ಸರಿಸ್ರಿ. ಉಳದದ್ದು ಮುಚ್ಚಿರಬೇಕು. ಆಮ್ಯಾಲ ಬಲಗೈ."

ಲಿಯೋರಾ ಶವದ ಮೇಲಿಂದ ತಂಬಿಗೆ ಚಾಚಿದಳು.

"ಮ್ಯಾಲಿಂದ ಅಲ್ಲ," ಎಂದಳು ಶರಣಮ್ಮ. "ಸುತ್ತು ಹಾಕಿ ಹೋಗಿ ಕೊಡು. ಆಕಿ ಏನು ಟೇಬಲ್ಲೇನು?"

ಸ್ನೇಹಲ್ ಅದನ್ನು ಮರಾಠಿಗೆ ತಿರುಗಿಸಿದಳು, ಕೊನೆಯ ಮಾತು ಬಿಟ್ಟು. ಎಡಗೈ ತೊಳೆಯುವ ಹೊತ್ತಿಗೆ ಸೂಜಿ ಚುಚ್ಚಿದ ಕಡೆ ಹತ್ತಿ ಬಿಚ್ಚಿಕೊಂಡಿತು. ನವೋಮಿ ಬಾಯಿಗೆ ಕೈ ಅಡ್ಡ ಹಿಡಿದು ಶರಣಮ್ಮನನ್ನು ತಳ್ಳಿಕೊಂಡೇ ಹೊರಗೆ ಓಡಿದಳು. ಅಂಗಳದಲ್ಲಿ ಅವಳು ವಾಂತಿ ಮಾಡುವ ಸದ್ದು ಕೇಳಿತು. ವಾಪಸು ಬರಲಿಲ್ಲ.

"ಮೂರೂವರೆ," ಎಂದರು ಏಝ್ರಾ ನಡುಮನೆಯಿಂದ.

*

ಎರಡು ವರ್ಷದ ಹಿಂದೆ, ಒಂದು ಭಾನುವಾರ. ಹುಡುಗರ ಕಾರ್ಯಕ್ರಮದಲ್ಲಿ ಸಿಪೋರಾಬಾಯಿಗೆ ತಹಾರಾ ತೋರಿಸಿಕೊಡಲು ಹನ್ನೊಂದರಿಂದ ಹನ್ನೆರಡು ಎಂದು ಒಂದು ತಾಸು ಸಿಕ್ಕಿತ್ತು. ವಾರವಿಡೀ ಅದೇ ಗುಂಗು. ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಯವನನ್ನು ಕಾಡಿ ಬೇಡಿ ಆಳೆತ್ತರದ ಒಂದು ಬೊಂಬೆ ತಂದಳು. ಬೋಳುತಲೆಯ ಆ ಬೊಂಬೆಯನ್ನು ರಿಕ್ಷಾದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಕೂತವಳು ಶರಣಮ್ಮ. ಸಿಗ್ನಲ್ಲಿನಲ್ಲಿ ಬೈಕಿನವರು ನೋಡಿ ನಗುತ್ತಿದ್ದರು. "ನಗ್ಲಿ ಬಿಡು, ಸೊಸಿ ಅಂತ ಹೇಳು," ಎಂದಿದ್ದಳು ಬಾಯಿ.

ಸಿನಗಾಗಿನ ಹಾಲಿನಲ್ಲಿ ಸ್ನೇಹಲ್ ಇಬ್ಬರನ್ನೂ ಪಕ್ಕಕ್ಕೆ ಕರೆದಳು. "ಅಜ್ಜಿ, ಹುಡುಗ್ರು ಹೆದರ್ತಾರ. ಹಬ್ಬಕ್ಕ ಅಂತ ಬಂದಾರ. ಇದನ್ನ ನೋಡಿದ್ರ ಇನ್ನೊಮ್ಮೆ ಬರೂದಿಲ್ಲ. ಇವತ್ತ ನೀವು ಮಲಿದಾ ಮಾಡಿ ತೋರಸ್ರಿ. ಇದು ಮುಂದಿನ ಸಲ."

ಸಿಪೋರಾಬಾಯಿ ಮಲಿದಾ ಮಾಡಿ ತೋರಿಸಿದಳು. ನೆನೆಸಿದ ಅವಲಕ್ಕಿ, ಕೊಬ್ಬರಿ, ಬೆಲ್ಲ, ಮೇಲೆ ಐದು ಹಣ್ಣು. ಎಲಿಯಾಹು ಪ್ರವಾದಿಯ ಹೆಸರಲ್ಲಿ ಹಾಡು. ಹುಡುಗರು ಚಪ್ಪಾಳೆ ತಟ್ಟಿದರು, ತಟ್ಟೆಯ ಫೋಟೋ ತೆಗೆದರು, ಇನ್ನಷ್ಟು ಹಾಕಿಸಿಕೊಂಡು ತಿಂದರು. ಮೂರು ಖಾಲಿ ಬಕೆಟ್ಟುಗಳು ಚಪ್ಪಲಿಗಳ ಪಕ್ಕದಲ್ಲಿದ್ದವು.

ವಾಪಸು ಬರುವಾಗ ಬಾಯಿ ಬೊಂಬೆಯ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. "ಪಾಪ, ಛಲೋ ಉಂಡ್ರು," ಎಂದಳು. ಸ್ವಾರಗೇಟಿನ ಕಡೆಯ ಬಸ್ಸುಗಳು ಹಾಯ್ದುಹೋದ ಮೇಲೆ, "ನನಗ ನೀರು ಯಾರು ಹಾಕ್ತಾರ, ಶರಣಮ್ಮ?" ಎಂದು ಕೇಳಿದಳು.

"ಹಾಕಸ್ತೀನ್ರಿ," ಎಂದಿದ್ದಳು ಶರಣಮ್ಮ, ಏನು ಹೇಳುತ್ತಿದ್ದೇನೆಂದು ತಿಳಿಯದೆ.

*

ತಲೆಯ ಕಡೆ ಹಲಗೆ ಎತ್ತರಿಸಿದರು. ಮೂರು ಬಕೆಟ್ಟುಗಳನ್ನು ಶರಣಮ್ಮ ಹೊಸ್ತಿಲ ಮೇಲಿಂದ ಒಳಗೆ ದಾಟಿಸಿ ಸಾಲಾಗಿ ಇಡಿಸಿದಳು. ಡ್ರಮ್ಮಿನ ತಳದಲ್ಲಿ ಈಗ ಬರೀ ತುಕ್ಕಿನ ಕೆಸರು.

"ಕೇಳ್ರಿ. ಧಾರಿ ಕಡೀಬಾರದು. ಒಂದು ಮುಗಿಯೂದರಾಗ ಎರಡನೇದ್ದು ಬೀಳ್ತಿರಬೇಕು, ಅದು ಮುಗಿಯೂದರಾಗ ಮೂರನೇದ್ದು. ಕಡೀತಂದ್ರ ಮೊದಲಿಂದ."

"ಮೊದಲಿಂದ ಮಾಡಾಕ ನೀರೆಲ್ಲದ?" ಎಂದಳು ಸ್ನೇಹಲ್.

"ಇಲ್ಲ."

"ಮೂರು ಮಂದಿ ಬೇಕಲ್ರಿ ಇದಕ್ಕ."

"ಬೇಕು. ಇಬ್ಬರ ಇದ್ದೀರಿ. ನಿಂದು ಮುಗದ ಕೂಡ್ಲೆ ಬಿಸಾಕು, ಮೂರನೇದ್ದು ಎತ್ತು. ಲಿಯೋರಾಗ ಸಾವಕಾಶ ಸುರೀ ಅನ್ನು."

ಹನ್ನಾಬಾಯಿ ಎದ್ದು ನಿಂತು ಗೋಡೆ ಹಿಡಿದಳು. ಓದತೊಡಗಿದಳು. ಸ್ನೇಹಲ್ ಮೊದಲ ಬಕೆಟ್ ಎತ್ತಿ ತಲೆಯ ಬಳಿಯಿಂದ ಬಾಗಿಸಿದಳು. ನೀರು ನರೆಗೂದಲ ಮೇಲಿಂದ, ಕೊರಳಿಂದ, ಎದೆಯ ಹಾಸಿನ ಮೇಲಿಂದ ಪಾದದ ತನಕ ಇಳಿಯಿತು. ಅದು ಸಣ್ಣಗಾಗುವ ಮುಂಚೆ ಲಿಯೋರಾ ಸುರಿದಳು. ಎರಡು ಧಾರೆ ಒಂದಾದವು. ಸ್ನೇಹಲಳ ಬಕೆಟ್ಟು ಗೋಡೆಗೆ ಬಡಿದು ಉರುಳಿತು. ಅವಳು ತಿರುಗಿದಳು, ಒದ್ದೆ ಕಲ್ಲಿನ ಮೇಲೆ ಕಾಲು ಜಾರಿ ಮಂಡಿ ಊರಿದಳು.

ಲಿಯೋರಾ ಹೆದರಿ ಬಕೆಟ್ಟನ್ನು ಇನ್ನಷ್ಟು ಬಾಗಿಸಿಬಿಟ್ಟಳು.

"ಸಾವಕಾಶ," ಎಂದಳು ಶರಣಮ್ಮ. ಕನ್ನಡವೋ ಮರಾಠಿಯೋ ಅವಳಿಗೇ ತಿಳಿಯಲಿಲ್ಲ. ಲಿಯೋರಾಳ ಬಕೆಟ್ಟಿನಲ್ಲಿ ಅಂಗೈಯಷ್ಟು ನೀರಿತ್ತು. ಸ್ನೇಹಲ್ ಮಂಡಿಯ ಮೇಲೇ ಮೂರನೆಯದರ ಹಿಡಿಕೆ ಎಳೆದಳು, ಎದೆಯ ತನಕ ತಂದಳು, ಅಲ್ಲಿಂದ ಮೇಲೆ ಅವಳ ಕೈ ಏಳಲಿಲ್ಲ.

ಶರಣಮ್ಮ ಒಳಗಿದ್ದಳು. ಬಕೆಟ್ಟಿನ ತಳಕ್ಕೆ ಎರಡೂ ಅಂಗೈ ಕೊಟ್ಟು, ಸಿಮೆಂಟಿನ ಬುಟ್ಟಿ ಎತ್ತುತ್ತಿದ್ದ ಹಾಗೆ, ಸೊಂಟದಿಂದ ಎತ್ತಿದಳು. ಸ್ನೇಹಲ್ ಅದರ ಜತೆಗೇ ಎದ್ದಳು.

"ನಾ ಹೊರೂದಷ್ಟ. ಸುರೀ. ನೀ ಸುರೀ."

ಸ್ನೇಹಲ್ ಅಂಚು ಹಿಡಿದು ಬಾಗಿಸಿದಳು. ಲಿಯೋರಾಳ ಕೊನೆಯ ಎಳೆಯ ಮೇಲೆ ಹೊಸ ಧಾರೆ ಬಿತ್ತು. ಕಡಿಯಿತೋ ಇಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹನ್ನಾಬಾಯಿ ಕಣ್ಣು ಕಿರಿದು ಮಾಡಿ ನೀರನ್ನೇ ನೋಡುತ್ತ ಓದು ನಿಲ್ಲಿಸದೆ ಮುಂದುವರಿಸಿದಳು. ನೀರು ಪಾದ ದಾಟಿ, ಕಲ್ಲಿನ ಮೇಲೆ ಹರಡಿ, ನಾಲ್ವರ ಕಾಲುಗಳ ನಡುವಿನಿಂದ ಮೋರಿಗೆ ಹರಿಯಿತು.

ಹೊರಗೆ ಗಾಡಿ ಚಾಲೂ ಆದ ಸದ್ದು. "ಆಯಿತೇ?" ಎಂದರು ಏಝ್ರಾ.

ಬಕೆಟ್ಟು ಖಾಲಿಯಾಗಿತ್ತು. ಅಂಚಿನಿಂದ ಒಂದು ಹನಿ, ಸ್ವಲ್ಪ ತಡೆದು ಇನ್ನೊಂದು. ಒಬ್ಬಳು ಅಂಚು ಹಿಡಿದು, ಒಬ್ಬಳು ತಳ ಹಿಡಿದು, ಇಬ್ಬರೂ ಅದನ್ನು ಹಾಗೇ ಬಾಗಿಸಿಕೊಂಡು ನಿಂತಿದ್ದರು.