ನೂರೆಂಟರ ಹಿಂಬದಿ

ಓಟದ ಹಿಂದಿನ ಸಂಜೆ ನನ್ನ ನಂಬರ್ ಚೀಟಿಯ ಹಿಂಬದಿಯನ್ನು ಅಚ್ಚುಕಟ್ಟಾಗಿ ತುಂಬಿದ್ದೆ. ಹೆಸರು: ಸೋಮಶೇಖರ್. ರಕ್ತದ ಗುಂಪು. ಹೆಂಡತಿ ಪವಿತ್ರಳ ಫೋನ್ ನಂಬರು. ಸಕ್ಕರೆ ಕಾಯಿಲೆ: ಇಲ್ಲ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ಖಾಲಿ ಕಾಲಂ ಕಂಡರಾಗದು.

ಬೆಳಿಗ್ಗೆ ಐದೂವರೆಗೆ ಚಾಮರಾಜನಗರದ ಕ್ರೀಡಾಂಗಣದಲ್ಲಿ ನಮ್ಮ ಕ್ಲಬ್ಬಿನ ಶಿವಸ್ವಾಮಿ ನನ್ನ ಎದೆಯನ್ನೇ ನೋಡುತ್ತ ನಿಂತ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎರಡು ವರ್ಷದಿಂದ ಪ್ರತಿ ಭಾನುವಾರ ನನ್ನ ಜೊತೆ ಓಡುವವನು.

"ಸಾರ್, ನಿಮ್ಗೆ ನೂರೆಂಟು ಬಂದದಲ್ಲಾ! ದೇವ್ರಿಗೆ ಕೈ ಮುಗಿಯದೋರ್ಗೆ ಅದ್ಯಾಕೆ? ನಂಗೆ ಕೊಡಿ. ನಂದು ಎಪ್ಪತ್ತೊಂದು. ಕೂಡುದ್ರೆ ಎಂಟು. ಶನಿ!"

"ಅಂಕಿ ಬರೀ ಅಂಕಿ ಕಣಯ್ಯ," ಎಂದು ನಕ್ಕು ಪಿನ್ನು ಬಿಚ್ಚಿ ಕೊಟ್ಟು, ಅವನದನ್ನು ನನ್ನ ಎದೆಗೆ ಚುಚ್ಚಿಕೊಂಡೆ.

ಎರಡು ಗಂಟೆಯೊಳಗೆ ಇಪ್ಪತ್ತೊಂದು ಕಿಲೋಮೀಟರ್ ಮುಗಿಸುವುದು ನನ್ನ ಹಟ. ಗುಂಡ್ಲುಪೇಟೆ ರಸ್ತೆಯಲ್ಲಿ ಹೋಗಿ ತಿರುಗಿ ಬರುವ ದಾರಿ. ಹದಿಮೂರನೇ ಕಿಲೋಮೀಟರಿನ ನೀರಿನ ಮೇಜಿನ ಹತ್ತಿರ ಶಿವಸ್ವಾಮಿಯ ಕೈಯಲ್ಲಿದ್ದ ಲೋಟ ನಡುಗುತ್ತಿತ್ತು.

"ಯಾಕೋ?"

"ಏನಿಲ್ಲ, ನೀವು ಓಗಿ ಸಾರ್. ನಿಮ್ ಟೈಮ್ ಓಯ್ತದೆ. ಹಿಂದ್ಲೇ ಬತ್ತೀನಿ."

ಗಡಿಯಾರ ನೋಡಿದೆ. ಹೊರಟೆ.

ಒಂದು ಗಂಟೆ ಐವತ್ತೆಂಟು ನಿಮಿಷ ನಲವತ್ತು ಸೆಕೆಂಡಿಗೆ ಗೆರೆ ದಾಟಿದೆ. ಯಾರೋ ಕೊರಳಿಗೆ ಪದಕ ಹಾಕಿದರು. ಪವಿತ್ರ ಹತ್ತಿರ ಬರಲಿಲ್ಲ. ಕಂಬಿ ಹಿಡಿದುಕೊಂಡು, ಕಾಣಬಾರದ್ದನ್ನು ಕಂಡವಳಂತೆ ನನ್ನನ್ನೇ ನೋಡುತ್ತಿದ್ದಳು.

"ನೀವು ಬಿದ್ದೋಗಿ ಗ್ಯಾನ ತಪ್ಪದೆ ಅಂತ ಈಗ ಫೋನ್ ಬಂತಲ್ರೀ! ನಿಮ್ ಚೀಟಿ ಹಿಂದುಗಡೆ ನೋಡ್ಕಂಡು ಮಾಡುದ್ರಂತೆ..."

ನನ್ನೆದೆಯ ಚೀಟಿಯನ್ನು ತಿರುಗಿಸಿದೆ. ಬೆವರಿಗೆ ಹರಡಿದ ಶಾಯಿಯಲ್ಲಿ ಶಿವಸ್ವಾಮಿಯ ಓರೆ ಅಕ್ಷರ: ಸಕ್ಕರೆ ಕಾಯಿಲೆ: ಇದೆ. ದಿನಾ ಇನ್ಸುಲಿನ್. ಕೆಳಗೆ, ಭಾನು, ಹೆಂಡತಿ, ಒಂದು ಫೋನ್ ನಂಬರು.

ನನಗೆ ಗೊತ್ತೇ ಇರಲಿಲ್ಲ. ಅವನು ಯಾವತ್ತೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಇಪ್ಪತ್ತೊಂದು ಕಿಲೋಮೀಟರ್ ಅದನ್ನು ಎದೆಗೆ ಅಂಟಿಸಿಕೊಂಡೇ ಓಡಿದ್ದೆ.

ಪವಿತ್ರಳ ಫೋನ್ ಕಸಿದು, ಅವಳಿಗೆ ಕರೆ ಬಂದಿದ್ದ ನಂಬರಿಗೆ ಕರೆ ಮಾಡಿದೆ. ಸ್ವಯಂಸೇವಕಿಯೊಬ್ಬಳು ಎತ್ತಿಕೊಂಡಳು.

"ಅವನಿಗೆ ಸಕ್ಕರೆ ಕಾಯಿಲೆ ಇದೆ! ಇನ್ಸುಲಿನ್ ತಗೋತಾನೆ!"

"ಇಲ್ಲ ಅಂತ ಬರ್ದವ್ರಲ್ಲ ಸಾರ್, ನೀಟಾಗಿ. ಸುಸ್ತು ಅನ್ಕಂಡು ತಲೆಗೆ ನೀರು ಹಾಕ್ತಾ ಇದೀವಿ."

"ಅದು ನಾನು ಬರೆದದ್ದಮ್ಮ! ಚೀಟಿ ನನ್ನದು!"

ಆಂಬುಲೆನ್ಸ್ ಆಗಷ್ಟೇ ಬಂದಿತ್ತು. "ಶುಗರ್ ನೋಡ್ರೀ," ಎಂದು ಅವಳು ಕೂಗಿದ್ದು ಕೇಳಿಸಿತು. ಆಮೇಲೆ ಬೇರೊಂದು ದನಿ: "ಮೂವತ್ತಾರು." ಎಪ್ಪತ್ತಕ್ಕಿಂತ ಕೆಳಗಿಳಿಯಬಾರದ ಅಂಕಿ ಅದು.

ನಾನು ಟ್ರ್ಯಾಕಿನ ಮಣ್ಣಿನ ಮೇಲೆ ಕುಳಿತುಬಿಟ್ಟೆ. ಗ್ಲೂಕೋಸ್ ಏರಿಸುತ್ತಿದ್ದಾರೆಂದು ಅವಳು ಹೇಳಿದಳು. ಗಡಿಯಾರವನ್ನು ನಿಲ್ಲಿಸುವುದು ಮರೆತಿದ್ದೆ. ಅದು ಓಡುತ್ತಲೇ ಇತ್ತು. ಎರಡು ಗಂಟೆ ಹನ್ನೊಂದು ನಿಮಿಷಕ್ಕೆ ಅವಳು ಮತ್ತೆ ಮಾತಾಡಿದಳು.

"ಕಣ್ ಬುಟ್ರು ಸಾರ್. ಆದ್ರೆ ಹೆಸ್ರು ಕೇಳುದ್ರೆ ಶಿವಸ್ವಾಮಿ ಅಂತವ್ರೆ. ಸೋಮಶೇಖರ್ ಅಲ್ವಾ?"

"ಶಿವಸ್ವಾಮಿನೇ ಕಣಮ್ಮ," ಎಂದೆ.

ಇನ್ನೊಂದು ಕರೆ ಬಾಕಿ ಇತ್ತು. ಎದೆಯ ಚೀಟಿಯ ಹಿಂದಿದ್ದ ಭಾನುವಿನ ನಂಬರನ್ನು ಒಂದೊಂದೇ ಅಂಕಿಯಾಗಿ ಒತ್ತಿದೆ. ನಾನೆಂದು ತಿಳಿದ ಕೂಡಲೇ ಭಾನು ನಕ್ಕಳು.

"ಮುಗೀತಾ ಮೇಷ್ಟ್ರೇ? ನೀವು ಜೊತೇಲಿ ಇದ್ದೀರಲ್ಲ ಅಂತ ನಾನು ಯೋಚ್ನೆನೇ ಮಾಡ್ನಿಲ್ಲ. ಎಲ್ಲವ್ರೆ? ಅವ್ರಿಗೆ ಫೋನ್ ಕೊಡಿ."