ಐದು ಅಂಕದ ಸೃಷ್ಟಿ

ಮಾವ ಕೆಂಪು ಪೆನ್ನಿನ ಮುಚ್ಚಳ ತೆಗೆದರು, ಕಾಗದದ ಮೇಲೆ ಬಾಗಿದರು, ಮತ್ತೆ ಮುಚ್ಚಳ ಹಾಕಿದರು. ಊಟದ ಮೇಜಿನ ಇನ್ನೊಂದು ತುದಿಯಲ್ಲಿದ್ದ ಸೊಸೆ ಅದನ್ನು ಓರೆಗಣ್ಣಿನಲ್ಲಿ ನೋಡಿದಳು. ರಜೆಯ ಮಧ್ಯಾಹ್ನ. ಇಬ್ಬರ ಮುಂದೆಯೂ ಒಂದೊಂದು ಕಟ್ಟು ಉತ್ತರಪತ್ರಿಕೆ. ಅವಳದು ಜೀವವಿಕಾಸ, ಅವರದು ಸೃಷ್ಟಿ. ಒಂದೇ ತರಗತಿಯ ಮಕ್ಕಳು, ಒಂದೇ ವಿಜ್ಞಾನ ಪರೀಕ್ಷೆ, ತಲಾ ಐದು ಅಂಕ.

ಇಂಥ ವಿಚಿತ್ರ ಹಂಚಿಕೆಗೆ ಕಾರಣ ಮಾವನೇ. ಸೊಸೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರ್. ಮಾವ ಜೀವಮಾನವೆಲ್ಲ ಬಟ್ಟೆ ಹೊಲಿದವರು, ಈಗ ಬಡಾವಣೆಯ ಪ್ರಾರ್ಥನಾ ಮಂದಿರದಲ್ಲಿ ವಾರಕ್ಕೊಮ್ಮೆ ಪ್ರವಚನ ಮಾಡುವವರು. "ಮನುಷ್ಯ ಮಂಗನಿಂದ ಬಂದ ಅಂತ ನಿಮ್ಮ ಮನೆ ಸೊಸೇನೇ ಹೇಳಿಕೊಡ್ತಾಳಂತೆ" ಎಂದು ಅಲ್ಲಿ ಯಾರೋ ಕೆಣಕಿದ್ದೇ ಸಾಕಾಯಿತು. ಮಾವ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಶಾಲೆಗೆ ಹೋದರು. ಹೆಡ್‌ಮೇಷ್ಟ್ರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯವರು. "ಎರಡನ್ನೂ ಹೇಳಿಕೊಟ್ಟುಬಿಡೋಣ. ಅರ್ಧ ಪೀರಿಯಡ್ ಹಿರಿಯರು, ಅರ್ಧ ಪೀರಿಯಡ್ ಮೇಡಂ" ಎಂದರು. ತರಗತಿಯಲ್ಲಿ ಹೇಳಿಕೊಟ್ಟದ್ದಕ್ಕೆಲ್ಲ ಪರೀಕ್ಷೆ ಇರಲೇಬೇಕು, ಹೇಳಿಕೊಟ್ಟವರೇ ಅಂಕ ಹಾಕಬೇಕು ಎನ್ನುವುದು ಆ ಶಾಲೆಯ ಹಳೆಯ ಕಟ್ಟಳೆ. ಅದು ಆವತ್ತು ಯಾರ ತಲೆಗೂ ಹೊಳೆಯಲಿಲ್ಲ.

ಮಾವ ಪಾಠ ಚೆನ್ನಾಗಿ ಮಾಡಿದರು, ಸುಳ್ಳು ಹೇಳಬಾರದು. ಕತ್ತಲೆಯಿಂದ ಬೆಳಕು ಹುಟ್ಟುವ ಜಾಗಕ್ಕೆ ಬಂದಾಗ ಅವರ ದನಿ ತಾನಾಗಿ ಇಳಿಯುತ್ತಿತ್ತು, ಹಿಂದಿನ ಬೆಂಚಿನ ತುಂಟರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಉಳಿದ ಅರ್ಧ ಪೀರಿಯಡ್‌ನಲ್ಲಿ ಸೊಸೆ ಓಡೋಡಿ ಪಾಠ ಮಾಡುತ್ತಿದ್ದಳು. ಕೋಟಿಗಟ್ಟಲೆ ವರ್ಷಗಳ ಸಂಗತಿಯನ್ನು ಗಂಟೆ ಹೊಡೆಯುವುದರೊಳಗೆ ಮುಗಿಸಬೇಕಲ್ಲ! ಒಂದು ಕಾಲದಲ್ಲಿ ಇದೇ ಪಾಠ ಕೇಳಿಯೇ ಅವಳು ಟೀಚರ್ ಆಗಬೇಕೆಂದು ಹಟ ಹಿಡಿದದ್ದು. ಈ ಏರ್ಪಾಟು ಕಾಯಂ ಆಗಲಿ ಎನ್ನುವುದು ಹೆಡ್‌ಮೇಷ್ಟ್ರ ಆಸೆ. ಒಪ್ಪುತ್ತೀರೋ ಇಲ್ಲವೋ ರಜೆ ಮುಗಿದ ಕೂಡಲೇ ಹೇಳಿ, ಒಪ್ಪದಿದ್ದರೆ ಕೆಳಗಿನ ಕ್ಲಾಸಿನ ಚಿತ್ರಕಲೆಗೆ ಹೋಗಿ ಎಂದಿದ್ದರು. ಅವಳು ಚಿತ್ರಕಲೆಗೇ ಹೋಗುವುದೆಂದು ತೀರ್ಮಾನಿಸಿಬಿಟ್ಟಿದ್ದಳು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ.

"ಇದನ್ನ ಸ್ವಲ್ಪ ಕೇಳು" ಎಂದರು ಮಾವ. ಪಾಠದ ವಿಷಯಕ್ಕೆ ಅವರು ಅವಳೊಡನೆ ಮಾತಾಡಿ ಬಹಳ ದಿನವಾಗಿತ್ತು. "'ದೇವರು ಮನುಷ್ಯನನ್ನು ಏಕೆ ಸೃಷ್ಟಿಸಿದನು? ಎರಡು ಕಾರಣ ಕೊಡಿ.' ಈ ಪ್ರಶ್ನೆ ಹಾಕಿದ್ದು ಯಾರು?"

"ಹೆಡ್‌ಮೇಷ್ಟ್ರು. ನೀವೇ ನೋಡಿ ಸರಿ ಅಂದ್ರಲ್ಲ ಮಾವ."

"ಅಂದೆ, ಅಂದೆ. ಉತ್ತರ ಕೇಳು. 'ಒಂದು, ದೇವರಿಗೆ ಬೇಜಾರಾಗಿತ್ತು. ಎರಡು, ಪರೀಕ್ಷೆ ಬರೆಯಲು ಯಾರಾದರೂ ಬೇಕಿತ್ತು.'"

ಕಿಟಕಿಯ ಹತ್ತಿರ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಮಗ, ಎಂದರೆ ಅವಳ ಗಂಡ, ಗೊಳ್ಳೆಂದು ನಕ್ಕ. "ಒಂದು ಮಾರ್ಕ್ ಕೊಡಿ ಅಪ್ಪ, ಬೇಜಾರಾಗಿದ್ರೂ ಆಗಿರಬಹುದು!"

"ನೀನು ಸುಮ್ನಿರು. ಅಂಗಿ ಸುಟ್ಟೀತು."

ಮಾವನಿಗೆ ನಗು ಬರಲಿಲ್ಲ. ಇನ್ನೊಂದು ಹಾಳೆ ತೆಗೆದರು. ಅದರಲ್ಲಿ ಹೆಡ್‌ಮೇಷ್ಟ್ರ ಉತ್ತರ ಸೂಚಿಯಲ್ಲಿದ್ದ ಎರಡು ಕಾರಣಗಳೂ ಅಕ್ಷರ ತಪ್ಪದೆ ಇದ್ದವು, ಕೆಳಗೆ ಸ್ಕೇಲಿಟ್ಟು ಗೆರೆ ಬೇರೆ. ಪರೀಕ್ಷೆಯಲ್ಲಿ ಅವನ ಪಕ್ಕ ಕೂತಿದ್ದ ಹುಡುಗನ ಹಾಳೆಯಲ್ಲೂ ಅದೇ, ಗೆರೆಯೂ ಅದೇ. ಮೂರನೆಯ ಹಾಳೆಯನ್ನು ಅವರು ಓದಲಿಲ್ಲ, ಮೇಜಿನ ಮೇಲೆ ಸೊಸೆಯ ಕಡೆಗೆ ತಳ್ಳಿದರು. ಕ್ಲಾಸಿನಲ್ಲಿ ಎಲ್ಲರೂ 'ಪಟಾಕಿ' ಎಂದು ಕರೆಯುವ ಹುಡುಗಿಯ ಕೈಬರಹ ಅದು. ಪ್ರಶ್ನೆ ಕೇಳದಿದ್ದರೆ ಅನ್ನ ಅರಗದ ಹುಡುಗಿ. 'ಕಾರಣ ನನಗೆ ಗೊತ್ತಿಲ್ಲ' ಎಂದು ಬರೆದಿದ್ದಳು. 'ದಿನಾ ಪ್ರಾರ್ಥನೆ ಮಾಡುವಾಗ ಕೇಳುತ್ತೇನೆ. ದೇವರು ಇನ್ನೂ ಹೇಳಿಲ್ಲ.'

"ಎಷ್ಟು ಕೊಡ್ಲಿ?" ಎಂದರು ಮಾವ.

"ಉತ್ತರ ಸೂಚಿ ಪ್ರಕಾರ..." ಅವಳು ಹಾಳೆಯನ್ನು ಇನ್ನೊಮ್ಮೆ ಓದಿದಳು.

"ಸೊನ್ನೆ. ನಂಗೊತ್ತು. ಉರು ಹೊಡೆದವನಿಗೆ ಪೂರ್ತಿ, ಕದ್ದು ಬರೆದವನಿಗೂ ಪೂರ್ತಿ. ನಿಮ್ಮತ್ತೆ ಹೋದಾಗಿಂದ ನಾನೂ ದಿನಾ ಇದೇ ತಾನೇ ಕೇಳೋದು? ನಂಗಾದ್ರೂ ಎಲ್ಲಿ ಹೇಳಿದಾನೆ? ಹಾಗಾದ್ರೆ ನಂಗೂ ಸೊನ್ನೆ."

ಮಗ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. ಅಪ್ಪನ ಬಾಯಲ್ಲಿ ಅಮ್ಮನ ಮಾತು ಬರುವುದೇ ಅಪರೂಪ.

ಮಾವ ಸೊಸೆಯ ಕಟ್ಟಿನ ಕಡೆ ಬೆರಳು ತೋರಿಸಿದರು. "ನಿನ್ನ ಕಟ್ಟಿನಲ್ಲಿ ಇದೇ ಹುಡುಗಿ ಏನು ಬರೆದಿದಾಳೆ?"

ಸೊಸೆ ಹುಡುಕಿ ಕೊಟ್ಟಳು. ಜಿರಾಫೆ ಎತ್ತರದ ಎಲೆಗೆ ಕತ್ತು ಚಾಚಿ ಚಾಚಿ ಕತ್ತು ಉದ್ದವಾಯಿತು, ಮರಿಗಳಿಗೂ ಅದೇ ಬಂತು ಎಂದು ಪಟಾಕಿ ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ, ಅಂಚಿನಲ್ಲಿ ಸೊಸೆಯ ಪುಟ್ಟ ಅಕ್ಷರದ ವಿವರಣೆ: ಚಾಚಿ ಬೆಳೆದದ್ದು ಮರಿಗೆ ಬರುವುದಿಲ್ಲ, ಹುಟ್ಟಿನಿಂದಲೇ ಉದ್ದ ಕತ್ತಿದ್ದವು ಹೆಚ್ಚು ಬದುಕಿ ಮರಿ ಹಾಕಿದವು.

"ಹೊಡೆದುಹಾಕಿದೀಯಲ್ಲ. ಪಾಪ, ಅಳ್ತಾಳೇನೋ."

"ಅವಳಾ? ಜಗಳಕ್ಕೆ ಬರ್ತಾಳೆ. ಬರ್ಲಿ ಮಾವ. ಯಾಕೆ ತಪ್ಪು ಅಂತ ತೋರಿಸ್ತೀನಿ. ನಾನೇ ತಪ್ಪು ಅಂತ ಅವಳು ತೋರಿಸಿದ್ರೆ ನನ್ನ ಗೆರೆ ನಾನೇ ಅಳಿಸ್ತೀನಿ."

ಮಾವ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತ ಕೂತರು. "ನಿನ್ನ ಪಾಠಕ್ಕೆ ಅದು ಸರಿ" ಎಂದರು. "ಇದರ ಮೇಲೆ ಗೆರೆ ಎಳೆಯೋಕೆ ನಾನ್ಯಾರು? ಇದು ಆ ಹುಡುಗಿಗೂ ದೇವರಿಗೂ ಇರೋ ಮಾತು. ನಡುವೆ ಕೆಂಪು ಪೆನ್ನು ಹಿಡ್ಕೊಂಡು ನಾನು ಕೂತಿದೀನಿ, ತಕ್ಕಡಿ ಹಿಡಿದ ಅಂಗಡಿಯವನ ಹಾಗೆ." ಪೆನ್ನನ್ನು ಸೊಸೆಯ ಮುಂದೆ ಇಟ್ಟು ಎದ್ದುಹೋದರು.

ಮಾರನೆಯ ದಿನ ಬೆಳಿಗ್ಗೆ ಅವಳು ಹೊರಡುವಾಗ ಮಾವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಹೆಡ್‌ಮೇಷ್ಟ್ರ ಕೋಣೆಗೆ ಅವಳಿಗಿಂತ ಮೊದಲು ಅವರೇ ನುಗ್ಗಿದರು, ಅಂಕವಿಲ್ಲದ ಕಟ್ಟನ್ನು ಮೇಜಿನ ಮೇಲಿಟ್ಟರು.

"ನನ್ನ ಅರ್ಧ ತೆಗೆದುಬಿಡಿ ಸಾರ್. ಪೂರ್ತಿ ಪೀರಿಯಡ್ ಇವಳಿಗೇ ಕೊಡಿ."

ಹೆಡ್‌ಮೇಷ್ಟ್ರು ಕನ್ನಡಕ ತೆಗೆದರು. "ಬೇಕು ಬೇಕು ಅಂತ ಕುಣಿದಿದ್ದು ನೀವೇ ಅಲ್ವೇ ಹಿರಿಯರೇ? ಈಗ ಜನಕ್ಕೆ ನಾನು ಏನು ಹೇಳ್ಲಿ? ಹಿರಿಯರಿಗೆ ನಂಬಿಕೆ ಹೋಯ್ತು ಅಂತಾರೆ."

"ಜನಕ್ಕೆ ನಾನು ಹೇಳ್ತೀನಿ. ಗಂಟು ಹಾಕಿದ್ದು ನಾನು, ಬಿಚ್ಚೋದೂ ನಾನೇ. ನಂಬಿಕೆ ಇರೋದಕ್ಕೇ ಸಾರ್ ಬೇಡ ಅಂತಿರೋದು. ಬೇಕಾದ ಮಕ್ಕಳು ಮಂದಿರಕ್ಕೆ ಬರ್ಲಿ, ಕಥೆ ಹೇಳ್ತೀನಿ. ಅಲ್ಲಿ ಯಾರೂ ಫೇಲಾಗಲ್ಲ."

ಹೆಡ್‌ಮೇಷ್ಟ್ರು ಸೊಸೆಯ ಮುಖ ನೋಡಿದರು. ಏನೇನು ಹೇಳಬೇಕೆಂದು ಅವಳು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದಳೋ ಅದೆಲ್ಲ ಅಲ್ಲೇ ಉಳಿಯಿತು. ಕಣ್ಣು ತುಂಬಿ ಬಂತು. "ಆಗ್ಲಿ" ಎಂದರು ಹೆಡ್‌ಮೇಷ್ಟ್ರು. ಆವತ್ತು ಅವಳು ಪಾಠವನ್ನು ಮೊದಲಿಂದ ಶುರು ಮಾಡಿದಳು, ಅವಸರವಿಲ್ಲದೆ. ಪಟಾಕಿ ಜಿರಾಫೆಯ ಪರ ವಕಾಲತ್ತು ವಹಿಸಿ ಜಗಳಕ್ಕೆ ಬಂದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಸಂಜೆ ಮಾವ ಶಾಲೆಯ ಗೇಟಿನ ಹತ್ತಿರ ಕಾಯುತ್ತಿದ್ದರು. ಮಂದಿರದಿಂದ ಬಂದವರು, ಅಲ್ಲಿ ಬೈಗುಳವೂ ಚೆನ್ನಾಗಿಯೇ ಸಿಕ್ಕಿತ್ತು ಎಂದು ಕಾಣುತ್ತದೆ, ಮುಖ ಕೆಂಪಗಿತ್ತು. ಆದರೂ ನಡಿಗೆಯಲ್ಲಿ ಏನೋ ಹುರುಪು.

"ನಿನ್ನ ಪಾಠ ಒಪ್ಪಿಬಿಟ್ಟೆ ಅಂತ ತಿಳ್ಕೋಬೇಡ" ಎಂದರು.

"ಇಲ್ಲ ಮಾವ."

ಒಂದಷ್ಟು ದೂರ ನಡೆದ ಮೇಲೆ ಮತ್ತೆ ಅವರೇ ಶುರು ಮಾಡಿದರು. "ಅಲ್ಲಮ್ಮ, ಆ ಮೀನು ನೀರು ಬಿಟ್ಟು ನೆಲಕ್ಕೆ ಬಂತು ಅಂತೀಯಲ್ಲ. ಅದಕ್ಕೆ ಭಯ ಆಗ್ಲಿಲ್ವಾ?"

"ಒಂದೇ ಮೀನು ಒಂದೇ ದಿನ ಎದ್ದು ಬಂದಿದ್ದಲ್ಲ ಮಾವ. ಎಷ್ಟೋ ತಲೆಮಾರು ಹಿಡೀತು, ಸ್ವಲ್ಪ ಸ್ವಲ್ಪವಾಗಿ."

"ಸರಿ, ಸ್ವಲ್ಪ ಸ್ವಲ್ಪವಾಗೇ ಬಂತು. ಭಯ ಆಗಿರಲ್ವಾ ಅಂತ ನಾನು ಕೇಳ್ತಿರೋದು."

"ಗೊತ್ತಿಲ್ಲ" ಎಂದು ಅವಳು ನಕ್ಕಳು. "ಅದನ್ನ ಯಾರೂ ಇನ್ನೂ ಕಂಡುಹಿಡಿದಿಲ್ಲ."

ಪೈಪು ಹಾಕಲು ರಸ್ತೆಗೆ ಅಡ್ಡವಾಗಿ ಅಗೆದಿದ್ದರು. ಮಾವ ಪಂಚೆ ಎತ್ತಿ ಹಿಡಿದು, ಹಸಿ ಮಣ್ಣಿನ ಅಂಚಿನಲ್ಲಿ ಕಾಲೂರಿ, ಆಚೆ ದಡಕ್ಕೆ ಹೆಜ್ಜೆ ಹಾಕಿದರು. ಆಮೇಲೆ ಹಿಂದಕ್ಕೆ ತಿರುಗಿ ನಿಂತು ಸೊಸೆಗೆ ಕೈ ಚಾಚಿದರು.